ಕಿರುಚುವ ಬ್ರೇಕಿಗೆ ಮಿಷನ್ ಎಣ್ಣೆ

ಆ ಬೀದಿಯಲ್ಲಿ ಯಾರ ಮನೆಯ ಬಾಗಿಲು ಕಿರ್ ಎಂದರೂ ಟೈಲರ್ ಅಂಗಡಿಯಿಂದ ಎಣ್ಣೆ ಡಬ್ಬಿ ಹೊರಡುತ್ತಿತ್ತು. ಉದ್ದ ಮೂತಿಯ, ತಳ ಒತ್ತಿದರೆ ಟಕ್ ಟಕ್ ಎನ್ನುವ ಡಬ್ಬಿ. ಅದರ ತುಂಬ ಹೊಲಿಗೆ ಮಿಷನ್ನಿಗೆ ಹಾಕುವ ತೆಳು ಎಣ್ಣೆ. ಟೈಲರ್ ಬಂದು, ಎರಡು ಹನಿ ಬಿಟ್ಟು, ಬಾಗಿಲನ್ನು ಹಿಂದೆ ಮುಂದೆ ಆಡಿಸಿ, "ನೋಡಿ, ಹೇಗೆ ತೆಪ್ಪಗಾಯ್ತು!" ಎಂದು ಹೋಗುತ್ತಿದ್ದ. ಗೇಟು, ತೊಟ್ಟಿಲು, ಫ್ಯಾನು, ಮಡಚುವ ಕುರ್ಚಿ, ಯಾವುದನ್ನೂ ಬಿಟ್ಟವನಲ್ಲ. ಬೀದಿಯವರು ಅವನನ್ನು ಎಣ್ಣೆಡಬ್ಬಿ ಎಂದೇ ಕರೆಯುತ್ತಿದ್ದರು. ಅವನಿಗೂ ಆ ಹೆಸರಿನ ಮೇಲೆ ಒಳಗೊಳಗೇ ಹೆಮ್ಮೆ.

ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವನು ಅವನು, ಹೊಲಿಯುವವಳು ಅವನ ಹೆಂಡತಿ. ಮನೆಯ ಹಳೇ ಕಾರನ್ನು ಓಡಿಸುವವಳು ಅವಳು, ಅದರ ಉಪಚಾರ ಅವನದು. ಇಷ್ಟು ದಿನ ಎಲ್ಲ ಸರಿಯಾಗಿಯೇ ನಡೆದಿತ್ತು. ಆದರೆ ಈಚೆಗೆ ಬ್ರೇಕ್ ಒತ್ತಿದಾಗಲೆಲ್ಲ ಕಾರಿನ ಮುಂದಿನ ಚಕ್ರ ಕೀಂ ಎಂದು ಕಿರುಚುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತವರೆಲ್ಲ ತಿರುಗಿ ನೋಡುವರು. ನಾಚಿಕೆಯಿಂದ ಅವಳಿಗೆ ಸೀಟಿನಡಿಗೆ ಹೋಗಿ ಕೂರೋಣ ಅನ್ನಿಸುತ್ತಿತ್ತು.

"ರೀ, ಗಾಡೀನ ಒಂದ್ಸಲ ನಿಮ್ಮ ತಂಗಿ ಗ್ಯಾರೇಜಿಗೆ ತೋರಿಸೋಣ" ಎಂದಳು.

"ತಂಗಿ ಆದ್ರೇನು, ಗ್ಯಾರೇಜು ಗ್ಯಾರೇಜೇ ಕಣೇ" ಎಂದ ಅವನು. "ಒಂದು ಶಬ್ದ ಅಂತ ಹೋದ್ರೆ ನಾಲ್ಕು ಕೆಲಸ ಹೇಳ್ತಾರೆ. ಬಿಚ್ಚಿ ಹರಡ್ಕೊಂಡು ಕೂತ್ರೆ ಮುಗೀತು, ನಮ್ಮ ಗಾಡಿಗೆ ನಾವೇ ಕಾಯ್ಬೇಕು. ಯಾಕೆ, ನಾನಿಲ್ವಾ?"

ಅಷ್ಟರಲ್ಲಿ ಬೇಕರಿಯವನು ಹೊಸ ಪ್ಯಾಂಟೊಂದನ್ನು ಸುತ್ತಿಕೊಂಡು ಬಂದ. ಉದ್ದವಾಯಿತೆಂದು ಮನೆಯಲ್ಲೇ ಕತ್ತರಿಸಿದ್ದನಂತೆ. ಒಂದು ಕಾಲು ಪಾದ ಮುಟ್ಟುತ್ತಿತ್ತು, ಇನ್ನೊಂದು ಮೊಣಕಾಲಿನತ್ತ ಹೊರಟಿತ್ತು. ಟೈಲರ್ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ತಲೆ ಚಚ್ಚಿಕೊಂಡ.

"ಕತ್ತರಿ ಹಾಕೋಕೆ ಮುಂಚೆ ಬರಬಾರದಿತ್ತೇನ್ರೀ? ಹೊಲಿದಿದ್ದನ್ನ ಬಿಚ್ಚಬಹುದು. ಕತ್ತರಿಸಿ ಬಿಸಾಕಿದ್ದನ್ನ ನಾನೆಲ್ಲಿಂದ ತರ್ಲಿ? ಗೊತ್ತಿಲ್ಲದ ಕೆಲಸಕ್ಕೆ ಯಾಕೆ ಕೈ ಹಾಕ್ತೀರಿ?"

ಬೇಕರಿಯವನು ಪೆಚ್ಚಾಗಿ ನಿಂತ. ಅವಳು ಹೊಲಿಯುತ್ತಿದ್ದ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ನಕ್ಕಳು.

ಸಂಜೆ ಟೈಲರ್ ಕಾರಿನ ಹತ್ತಿರ ಏನೋ ಮಾಡಿ, ಕೈ ಒರೆಸಿಕೊಳ್ಳುತ್ತ ಒಳಗೆ ಬಂದ. ಮುಖದಲ್ಲಿ ಗೆದ್ದವನ ಕಳೆ.

"ಇನ್ನು ನಿನ್ನ ಗಾಡಿ ಬಾಯಿ ಬಿಟ್ರೆ ಕೇಳು."

"ಏನು ಮಾಡಿದ್ರಿ?"

"ಮಾಡೋದನ್ನ ಮಾಡಿದೀನಿ. ಬೆಳಿಗ್ಗೆ ಅಮ್ಮನ್ನ ಕಣ್ಣಾಸ್ಪತ್ರೆಗೆ ಆರಾಮಾಗಿ ಕರ್ಕೊಂಡು ಹೋಗು."

ಅವಳ ಕೈಯಲ್ಲಿ ತುರ್ತಿನ ಕೆಲಸವಿತ್ತು. ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಎಷ್ಟು ಚೆನ್ನಾಗಿತ್ತು!

ಅತ್ತೆಗೆ ಕಣ್ಣಿನ ಆಪರೇಷನ್ ಆಗಿತ್ತು, ಒಂದು ಕಣ್ಣಿಗೆ ಪಟ್ಟಿ. ಬೆಳಿಗ್ಗೆ ಅದನ್ನು ಬಿಚ್ಚಿಸಬೇಕಿತ್ತು. ಸೊಸೆ ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಹಾಕಿ ಹೊರಟಳು. ಬೀದಿಯ ತಿರುವಿನಲ್ಲಿ ಬ್ರೇಕ್ ಮುಟ್ಟಿದಳು. ಗಾಡಿ ಕಿರುಚಲಿಲ್ಲ. ಒಂದು ಪಿಸುಮಾತೂ ಇಲ್ಲ.

"ಏನಮ್ಮಾ, ಗಾಡಿಗೆ ಇವತ್ತು ಮೌನವ್ರತವಾ?" ಎಂದರು ಅತ್ತೆ.

"ನಿಮ್ಮ ಮಗ ರಿಪೇರಿ ಮಾಡಿದಾರೆ ಅತ್ತೆ" ಎಂದು ಅವಳು ನಕ್ಕಳು. ಕಾರು ಎಂದಿಗಿಂತ ಕೊಂಚ ಮುಂದೆ ಹೋಗಿ ನಿಧಾನವಾಯಿತು. ತನ್ನ ಹೊಸ ಚಪ್ಪಲಿ ಜಾರಿರಬೇಕು ಎಂದುಕೊಂಡಳು.

ಅಲ್ಲಿಂದ ಮುಂದೆ ಇಳಿಜಾರು. ಇಳಿಜಾರಿನ ಕೊನೆಯಲ್ಲಿ ಶಾಲೆ. ಶಾಲೆಯ ಮುಂದೆ ರಸ್ತೆಗೆ ಅಡ್ಡಲಾಗಿ ಬಿಳಿ ಪಟ್ಟೆ. ಅಲ್ಲಿ ಕೆಂಪು ಬಾವುಟ ಹಿಡಿದ ಹೆಂಗಸೊಬ್ಬಳು ದಿನವೂ ಮಕ್ಕಳನ್ನು ದಾಟಿಸುತ್ತಾಳೆ. ಅವಳು ಬಾವುಟ ಎತ್ತಿದ್ದು ಟೈಲರನ ಹೆಂಡತಿಗೆ ದೂರದಿಂದಲೇ ಕಂಡಿತು. ನಿಧಾನವಾಗಿಯೇ ಬರುತ್ತಿದ್ದಳು. ಕಾಲು ಬ್ರೇಕಿನ ಮೇಲಿಟ್ಟಳು.

ಕಾರು ನಿಲ್ಲಲಿಲ್ಲ.

ಇನ್ನೂ ಒತ್ತಿದಳು. ಸೀಟಿನಿಂದ ಎದ್ದೇ ಬಿಡುವಷ್ಟು ಒತ್ತಿದಳು. ಹಿಂದಿನಿಂದ ಯಾರೋ ಎಳೆದ ಹಾಗಾಯಿತೇ ಹೊರತು ಮುಂದಿನ ಚಕ್ರಗಳು ತಮಗೆ ಸಂಬಂಧವೇ ಇಲ್ಲವೆಂಬಂತೆ ಉರುಳುತ್ತಲೇ ಇದ್ದವು. ಪಟ್ಟೆಯ ಮೇಲೆ ಮಕ್ಕಳ ಸಾಲು. ಒಂದು ಹುಡುಗಿ ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಳು. ಹಾರ್ನ್ ಒತ್ತಿದಳು, ಗೇರ್ ಇಳಿಸಿದಳು, ಹ್ಯಾಂಡ್ ಬ್ರೇಕ್ ಎಳೆದಳು, ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದಳು. ಯಾವುದು ಮೊದಲು, ಯಾವುದು ಆಮೇಲೆ ಎಂದು ಅವಳಿಗೆ ಇವತ್ತಿಗೂ ಹೇಳಲು ಬರುವುದಿಲ್ಲ. ಬಾವುಟದ ಹೆಂಗಸು ಬಾವುಟ ಬಿಸಾಡಿ, ಬಗ್ಗಿದ್ದ ಹುಡುಗಿಯನ್ನು ಚೀಲದ ಸಮೇತ ಸೆಳೆದುಕೊಂಡಳು. ಕಾರು ಬಿಳಿ ಪಟ್ಟೆ ದಾಟಿ, ಕೆಂಪು ಬಾವುಟದ ಮೇಲೆ ಹಾದು, ಕಟ್ಟಡ ಕೆಲಸಕ್ಕೆ ಹಾಕಿದ್ದ ಮರಳಿನ ಗುಡ್ಡೆಗೆ ಮೂತಿ ತೂರಿಸಿ ನಿಂತಿತು.

ಯಾರಿಗೂ ಏನೂ ಆಗಿರಲಿಲ್ಲ. ಆದರೆ ಅವಳ ಕೈ ಸ್ಟಿಯರಿಂಗ್ ಬಿಡಲೊಲ್ಲದು. ಹಿಂದೆ ಅತ್ತೆ "ಮಗು... ಆ ಮಗು ಇದೆಯಾ?" ಎಂದು ಕೇಳುತ್ತಲೇ ಇದ್ದರು.

"ಇದೆ ಅತ್ತೆ" ಎಂದವಳೇ ಗೊಳೋ ಎಂದು ಅತ್ತುಬಿಟ್ಟಳು.

ಬಾವುಟದ ಹೆಂಗಸು ಬೈಯಲಿಲ್ಲ. ಕಿಟಕಿಯ ಹತ್ತಿರ ಬಂದು ಅವಳ ಮುಖವನ್ನೊಮ್ಮೆ, ಕಾರನ್ನೊಮ್ಮೆ ನೋಡಿದಳು. ಆಮೇಲೆ ಮಕ್ಕಳ ಹತ್ತಿರ ಹೋದಳು. ಬೈದಿದ್ದರೇ ಎಷ್ಟೋ ವಾಸಿಯಿತ್ತು.

ಫೋನ್ ಹೋದ ಕೂಡಲೇ ನಾದಿನಿ ಗ್ಯಾರೇಜಿನ ಗಾಡಿ ತೆಗೆದುಕೊಂಡು ಓಡಿ ಬಂದಳು. ಮನೆಯಲ್ಲಿ ಅಣ್ಣ ಎಣ್ಣೆಡಬ್ಬಿಯಾದರೆ ಅವಳು ಗ್ರೀಸಮ್ಮ. ಸದಾ ಉಗುರಿನ ಸಂದಿಯಲ್ಲಿ ಕಪ್ಪು. ಅತ್ತಿಗೆಗೆ ನೀರು ಕುಡಿಸಿ, ಅಮ್ಮನ ಬೆನ್ನು ಸವರಿ, ಮುಂದಿನ ಚಕ್ರದ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ಚಕ್ರದ ಕಿಂಡಿಯೊಳಗೆ ತಟ್ಟೆಯಂತೆ ಹೊಳೆಯುವ ಡಿಸ್ಕ್ ಕಾಣುತ್ತಿತ್ತು. ಅದರ ಮೇಲೆ ಬೆರಳಾಡಿಸಿದಳು. ಮೂಸಿದಳು. ಇನ್ನೊಮ್ಮೆ ಮೂಸಿದಳು.

"ಅತ್ತಿಗೆ, ಇದು ಮಿಷನ್ ಎಣ್ಣೆ. ನಾನು ಹುಟ್ಟಿ ಬೆಳೆದಿದ್ದೇ ಈ ವಾಸನೇಲಿ. ಬ್ರೇಕಿಗೆ ಇದನ್ನ ಯಾರು ಹಾಕಿದ್ರು?"

ಯಾರೆಂದು ಹೇಳಬೇಕಾಗಲಿಲ್ಲ. ಕೊರಳಲ್ಲಿ ಟೇಪು ನೇತಾಡಿಸಿಕೊಂಡು, ಏದುಸಿರು ಬಿಡುತ್ತ, ಟೈಲರ್ ಇಳಿಜಾರಿನಲ್ಲಿ ಓಡಿ ಬರುತ್ತಿದ್ದ. ಅಮ್ಮನನ್ನೂ ಹೆಂಡತಿಯನ್ನೂ ಮುಟ್ಟಿ ಮುಟ್ಟಿ ನೋಡಿದ.

"ಅಣ್ಣ, ಬ್ರೇಕಿಗೆ ಎಣ್ಣೆ ಹಾಕಿದೆಯಾ?"

"ಹೂಂ. ಎರಡೂ ಕಡೆ ಚೆನ್ನಾಗಿ ಹಾಕಿದೆ" ಎಂದ. ಅವನಿಗಿನ್ನೂ ಏನೂ ಹೊಳೆದಿರಲಿಲ್ಲ. "ಕಿರುಚ್ತಾ ಇತ್ತಲ್ಲ. ಎಣ್ಣೆ ಹಾಕಿದ್ರೆ ತಿಕ್ಕಾಟ ಕಡಿಮೆ ಆಗುತ್ತೆ."

"ಅಣ್ಣಾ, ಬ್ರೇಕಿನ ಕೆಲಸಾನೇ ತಿಕ್ಕಾಡೋದು! ಪ್ಯಾಡು ಈ ತಟ್ಟೇನ ಗಟ್ಟಿಯಾಗಿ ಹಿಡ್ಕೊಂಡ್ರೇನೇ ಗಾಡಿ ನಿಲ್ಲೋದು. ನೀನು ಹಿಡಿಯೋ ಕೈಗೇ ಎಣ್ಣೆ ಸವರಿದೀಯ. ಎಣ್ಣೆ ಕೈಯಲ್ಲಿ ಕತ್ತರಿ ಹಿಡೀತೀಯಾ?"

ಟೈಲರನ ಕಣ್ಣು ಬಿಳಿ ಪಟ್ಟೆಯತ್ತ ಹೋಯಿತು, ಟೈರಿನ ಗುರುತು ಮೂಡಿದ ಬಾವುಟದತ್ತ ಹೋಯಿತು, ಅಲ್ಲಿಂದ ಶಾಲೆಯ ಗೇಟಿನತ್ತ. ಮರಳಿನ ಮೇಲೆ ಕುಸಿದು ಕೂತ.

ಅವನಮ್ಮ ಒಂದೇ ಕಣ್ಣಲ್ಲಿ ಅವನನ್ನು ನೋಡಿದರು. "ಕಣ್ಣು ತೆರೆಸೋಕೆ ಅಂತ ಹೊರಟವಳ ಕಣ್ಣು ಮುಚ್ಚಿಸ್ತಿದ್ದೆಯಲ್ಲೋ! ನಂದು ಹೋಗ್ಲಿ, ಬದುಕಿದ್ದಾಯ್ತು. ಆ ಮಕ್ಕಳು?"

ಕಾರನ್ನು ಎಳೆದುಕೊಂಡು ಗ್ಯಾರೇಜಿಗೆ ಹೋದರು. ಅಮ್ಮನನ್ನು ಬೇರೆ ಗಾಡಿಯಲ್ಲಿ ಆಸ್ಪತ್ರೆಗೆ ಕಳಿಸಿದ್ದಾಯಿತು, ಜೊತೆಗೆ ಸುದ್ದಿ ಕೇಳಿ ಬಂದಿದ್ದ ಬೇಕರಿಯವನ ಹೆಂಡತಿ ಹೋದಳು. ನಾದಿನಿ ಚಕ್ರ ಕಳಚಿ, ಹಳೇ ಪ್ಯಾಡ್ ತೆಗೆದು ಅಣ್ಣನ ಅಂಗೈ ಮೇಲಿಟ್ಟಳು. ಜೊತೆಗೆ ಹೊಸದೊಂದನ್ನೂ ಇಟ್ಟಳು. ಹೊಸದು ಬೆರಳು ದಪ್ಪ. ಹಳೆಯದು ಸವೆದು ಸವೆದು ಅಂಗಿಯ ಗುಂಡಿಯಷ್ಟು ತೆಳ್ಳಗಾಗಿತ್ತು.

"ಈ ಚಿಕ್ಕ ತಗಡು ಕಾಣ್ತಾ? ಪ್ಯಾಡು ಸವೆದಾಗ ಇದು ಡಿಸ್ಕಿಗೆ ತಾಗಿ ಕಿರುಚಬೇಕು ಅಂತಾನೇ ಇಟ್ಟಿರ್ತಾರೆ. ಗಾಡಿ ಇಷ್ಟು ದಿನ, ನನ್ನ ಕೈಲಿ ಆಗ್ತಾ ಇಲ್ಲ, ನೋಡಿ ಅಂತ ಕೂಗಿ ಕೂಗಿ ಹೇಳ್ತಿತ್ತು. ನೀನು ಅದರ ಬಾಯಿ ಮುಚ್ಚಿಸಿದೆ."

ಅತ್ತಿಗೆ ಬಗ್ಗಿ ಆ ತಗಡನ್ನೇ ನೋಡಿದಳು. ಆ ಕಿರುಚಾಟಕ್ಕೆ ನಾಚಿಕೊಂಡಿದ್ದು ತಾನೂ ಅಲ್ಲವೇ? ಅದು ನಿಂತಿತೆಂದು ಬೆಳಿಗ್ಗೆ ನಕ್ಕಿದ್ದು ತಾನೇ ಅಲ್ಲವೇ?

ಟೈಲರ್ ಪ್ಯಾಡನ್ನು ಅಂಗೈಯಲ್ಲಿ ತಿರುವಿ ನೋಡಿದ. "ಹಾಗಾದ್ರೆ ನಾನಿನ್ನು ಗಾಡಿ ಮುಟ್ಟೋದೇ ಬೇಡ ಅನ್ನು. ಎಲ್ಲಾ ನಿಮಗೇ ಒಪ್ಪಿಸಿ ಕೈಕಟ್ಟಿ ಕೂರೋದು."

"ಯಾರು ಹೇಳಿದ್ದು? ಮುಟ್ಟಲೇಬೇಕು!" ಎಂದಳು ತಂಗಿ. "ಟೈರಿನ ಗಾಳಿ ಇದೆಯಾ, ಟೈರು ನುಣ್ಣಗಾಗಿದೆಯಾ, ನೀನೇ ನೋಡು. ಗಾಡಿ ಸಮತಟ್ಟು ಜಾಗದಲ್ಲಿ ನಿಂತು ತಣ್ಣಗಾದ್ಮೇಲೆ ಕಡ್ಡಿ ಎಳೆದು ಇಂಜಿನ್ ಆಯಿಲ್ ನೋಡು. ಲೈಟು, ವೈಪರ್, ವೈಪರಿನ ನೀರು, ಎಲ್ಲಾ ನಿಂದೇ. ಇದಕ್ಕೆಲ್ಲಾ ನನ್ನ ಹತ್ರ ಬಂದ್ರೆ ವಾಪಸ್ ಕಳಿಸ್ತೀನಿ. ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳ ಮಾತ್ರ ತೆಗೀಬೇಡ, ಕುದಿಯೋ ನೀರು ಮುಖಕ್ಕೆ ಎಗರುತ್ತೆ."

"ಮತ್ತೆ ಬ್ರೇಕು?"

"ಬ್ರೇಕು, ಸ್ಟಿಯರಿಂಗು, ಗಾಡಿ ಕೆಳಗೆ ನುಗ್ಗಿ ಮಾಡೋ ಕೆಲಸ, ಇವು ಕಲಿತವರಿಗೆ ಬಿಡು. ಬರೀ ಜಾಕಿ ಮೇಲೆ ನಿಲ್ಲಿಸಿ ಕೆಳಗೆ ತೂರಿದವನನ್ನ ನಾನು ಕಣ್ಣಾರೆ ನೋಡಿದೀನಿ. ಆ ಕಥೆ ಬೇಡ." ಅವಳು ಕೈ ಒರೆಸಿಕೊಂಡಳು. "ಗ್ಯಾರೇಜಿನವರು ಮೋಸ ಮಾಡ್ತಾರೆ ಅಂತ ಭಯ ತಾನೇ? ಏನು ಮಾಡ್ತೀರಿ, ಎಷ್ಟಾಗುತ್ತೆ ಅಂತ ಮೊದಲೇ ಕೇಳು. ಬಿಚ್ಚಿದ ಹಳೇ ಪಾರ್ಟು ತೋರಿಸಿ ಅನ್ನು. ನನ್ನ ಹತ್ರಾನೂ ಕೇಳು. ತಂಗಿ ಅಂತ ಬಿಡಬೇಡ."

"ಶಬ್ದ ಶುರುವಾದಾಗಲೇ ಬಂದಿದ್ರೆ..." ಎಂದು ಟೈಲರ್ ಗೊಣಗಿದ.

ಹೆಂಡತಿ ಅವನತ್ತ ತಿರುಗಿದಳು. ಅವಳಿಗೆ ನಗು ಬರಲಿಲ್ಲ. "ಕತ್ತರಿ ಹಾಕೋಕೆ ಮುಂಚೆ ಬರಬಾರದಿತ್ತೇನ್ರೀ ಅಂತ ಬೇಕರಿಯವರಿಗೆ ನಿನ್ನೆ ತಾನೇ ಬೈದ್ರಲ್ಲ. ಅವರು ಕೆಡಿಸಿದ್ದು ಬರೀ ಪ್ಯಾಂಟು."

ಟೈಲರ್ ತಲೆ ತಗ್ಗಿಸಿದ. ಹಳೇ ಪ್ಯಾಡನ್ನು ಜೇಬಿಗೆ ಹಾಕಿಕೊಂಡ. ಈಗ ಅದು ಅಂಗಡಿಯ ಗೋಡೆಯ ಮೊಳೆಗೆ ನೇತುಬಿದ್ದಿದೆ. ಬಂದವರು ಇದೇನೆಂದು ಕೇಳಿದರೆ ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ.

ಹೊಸ ಪ್ಯಾಡ್ ಹಾಕಿ, ಡಿಸ್ಕ್ ಶುಚಿ ಮಾಡಿ, ನಾದಿನಿ ತಾನೇ ಓಡಿಸಿ ನೋಡಿದ ಮೇಲೆ ಗಾಡಿ ಮನೆಗೆ ಬಂತು. ಒಂದು ಬೆಳಿಗ್ಗೆ ಟೈಲರ್ ಟೈರಿನ ಗಾಳಿ ನೋಡಿ, ಆಯಿಲ್ ಕಡ್ಡಿ ಎಳೆದು ನೋಡಿ, ಹೆಂಡತಿಯ ಪಕ್ಕ ಕೂತ. ಅವನ ತೊಡೆಯ ಮೇಲೆ ಆ ಹೆಂಗಸಿಗೆ ಕೊಡಲೆಂದು ತಾನೇ ಹೊಲಿದ ಹೊಸ ಕೆಂಪು ಬಾವುಟವಿತ್ತು. ಅದೇ ಇಳಿಜಾರು, ಅದೇ ಬಿಳಿ ಪಟ್ಟೆ. ಅವಳು ಬಹಳ ಮೊದಲೇ ಬ್ರೇಕ್ ಒತ್ತಿದಳು. ಕಾರು ಪಟ್ಟೆಗಿಂತ ಎಷ್ಟೋ ಹಿಂದೆಯೇ ಗಕ್ಕನೆ ನಿಂತಿತು.

ಆದರೂ ಆ ಹೆಂಗಸು ಕಾರಿನ ಗುರುತು ಹಿಡಿದಳು. ಎರಡೂ ಕೈ ಚಾಚಿ, ಮಕ್ಕಳನ್ನೆಲ್ಲ ತನ್ನ ಬೆನ್ನ ಹಿಂದಕ್ಕೆ ಸರಿಸಿಕೊಂಡಳು. ಕಾರು ನಿಂತಿದೆ ಎಂದು ಕಾಣುತ್ತಿದ್ದರೂ ಮಕ್ಕಳನ್ನು ಬಿಡಲಿಲ್ಲ. ಬೇರೆ ಗಾಡಿಗಳ ಮುಂದೆ ಹಾಗೆ ಮಾಡುತ್ತಿರಲಿಲ್ಲ.

ಟೈಲರ್ ಅದನ್ನು ನೋಡಿದ. ಅವನ ಕಣ್ಣು ತುಂಬಿತು. "ಇಂಜಿನ್ ಆಫ್ ಮಾಡು" ಎಂದ ಹೆಂಡತಿಗೆ. ಅವಳು ಆಫ್ ಮಾಡಿದಳು. ಆಗ ಆ ಹೆಂಗಸು ಕೈ ಇಳಿಸಿದಳು. ಮಕ್ಕಳು ಒಬ್ಬೊಬ್ಬರಾಗಿ ದಾಟಿದರು.

ಇದನ್ನು ಓದಿದ ಅಕ್ಕ, ಅಣ್ಣ, ನಿಮ್ಮ ಗಾಡಿಯೂ ಈಚೆಗೆ ಏನಾದರೂ ಹೇಳುತ್ತಿದೆಯೇ? ಬ್ರೇಕ್ ಕಿರುಚುತ್ತಿದೆಯೇ, ಸ್ಟಿಯರಿಂಗ್ ಒಂದು ಕಡೆ ಎಳೆಯುತ್ತಿದೆಯೇ, ಸ್ಟಿಯರಿಂಗಿನ ಮುಂದೆ ಹೊಸ ಎಚ್ಚರಿಕೆ ದೀಪವೊಂದು ಮಿನುಗುತ್ತಿದೆಯೇ? ಅದರ ಬಾಯಿ ಮುಚ್ಚಿಸಬೇಡಿ. ಮನೆಯಲ್ಲಿ ನೋಡಬಹುದಾದದ್ದನ್ನು ತಪ್ಪದೆ ನೀವೇ ನೋಡಿ. ಗೊತ್ತಿಲ್ಲದ್ದನ್ನು ಇವತ್ತೇ ಗ್ಯಾರೇಜಿಗೆ ತೋರಿಸಿ. ನಿಮ್ಮ ಮನೆಯ ಇಳಿಜಾರಿನ ಕೊನೆಯಲ್ಲೂ ಯಾರೋ ಒಬ್ಬರು, ನಿಮ್ಮ ಗಾಡಿ ನಿಲ್ಲುತ್ತದೆ ಎಂದು ನಂಬಿ, ಮಕ್ಕಳನ್ನು ರಸ್ತೆಗೆ ಇಳಿಸುತ್ತಿದ್ದಾರೆ.