ಹುಟ್ಟುವ ಮೊದಲೇ ತಂದ ಗಾಡಿ

ನಮ್ಮ ಮೊರಾವಾ ನದಿಯ ಕಡೆ ಹುಟ್ಟದ ಮಗುವಿಗೆ ಒಂದು ಟೋಪಿಯನ್ನೂ ಕೊಳ್ಳುವುದಿಲ್ಲ, ಅಪಶಕುನ. ಹೆರಿಗೆಯಾಯಿತೆಂದು ತಿಳಿದ ಮೇಲೆಯೇ ಗಂಡಸರು ತೊಟ್ಟಿಲು ತರಲು ಓಡಬೇಕು. ಅಂಥಾದ್ದರಲ್ಲಿ ನನ್ನ ಸೊಸೆ ಸೆಂಕಾ ಎಂಟು ತಿಂಗಳ ಹೊಟ್ಟೆ ಹೊತ್ತು, ಶನಿವಾರದ ಸಂತೆಯ ನಡುವೆ ಮಗುವಿನ ಗಾಡಿ ತಳ್ಳಿಕೊಂಡು ಬಂದಳು. ಖಾಲಿ ಗಾಡಿ. ಅವಳೋ ಏಳು ವರ್ಷದ ಹಿಂದೆ ಲಿವರ್ ಕಸಿ ಮಾಡಿಸಿಕೊಂಡವಳು, ಇವತ್ತಿಗೂ ಎರಡು ಹೊತ್ತು ಮಾತ್ರೆ ತಪ್ಪಿಸುವಂತಿಲ್ಲ. ಬಸುರಿ ಎಂದಾಗ ಡಾಕ್ಟರೇ ಅವಳ ಹಳೇ ಫೈಲು ತರಿಸಿಕೊಂಡಿದ್ದರು.

ನಾನು ದೊಣ್ಣೆಮೆಣಸಿನಕಾಯಿ ಮಾರುತ್ತಾ ಕೂತಿದ್ದೆ. ಪಕ್ಕದ ಮನೆಯ ಜಿವಾನಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

"ಖಾಲಿ ಗಾಡಿ ಕಣೇ ಮಿಲುಂಕಾ. ನಿನ್ ಸೊಸೆಗೆ ತಲೆ ನೆಟ್ಟಗಿದ್ಯಾ?"

ನನಗೆ ಮೈಯೆಲ್ಲ ಉರಿಯಿತು. "ಹೋಗು, ವಾಪಸ್ ಕೊಟ್ಟು ಬಾ," ಎಂದೆ ಸೆಂಕಾಗೆ.

"ಕೊಡಲ್ಲ ಅತ್ತೆ. ನಾನು ಆಸ್ಪತ್ರೇಲಿ ಬಿದ್ದಿದ್ದಾಗ ನಮ್ಮಮ್ಮ ಮದುವೆ ಗೌನು ತಂದು ಬೀರುವಲ್ಲಿ ಇಟ್ಟಿದ್ಲು. ಯಾಕೆ ಅಂತ ನಿಮಗೆ ಗೊತ್ತು."

ಗೊತ್ತಿತ್ತು. ಮದುವೆಯಾಗದ ಹುಡುಗಿ ಸತ್ತರೆ ನಾವು ಮದುಮಗಳ ಉಡುಪಿನಲ್ಲೇ ಮಣ್ಣು ಮಾಡುತ್ತೇವೆ.

"ಸಾವಿಗೆ ಅಂತ ಮೊದ್ಲೇ ತಂದಿಟ್ರು. ಸಾವು ಬಂತಾ? ಅದೇ ಗೌನು ಹಾಕ್ಕೊಂಡು ನಿಮ್ ಮಗನ್ನ ಕಟ್ಕೊಂಡೆ. ಮಗೂಗೆ ಮೊದ್ಲೇ ತಂದ್ರೆ ಮಾತ್ರ ಕೆಟ್ಟದ್ದಾ?"

ನನ್ನ ಬಾಯಿ ಇಡೀ ಸಂತೆಗೆ ಗೊತ್ತು. ಆವತ್ತು ಜಗಳ ಬಿಟ್ಟು ಎದ್ದು ಗಾಡಿಯನ್ನು ನಾನೇ ತಳ್ಳಿದೆ. ನೋಡುವವರು ಕಣ್ತುಂಬ ನೋಡಲಿ ಎಂದು ಒಂದು ಸುತ್ತು ಹೆಚ್ಚೇ ಹಾಕಿದೆ. ಮನೆಗೆ ಬಂದು ಬಾಗಿಲ ಪಕ್ಕದಲ್ಲಿ ನಿಲ್ಲಿಸಿದೆವು.

ಎರಡು ವಾರಕ್ಕೆ ರಕ್ತಪರೀಕ್ಷೆಯ ವರದಿ ಕೆಟ್ಟದಾಗಿ ಬಂತು, ಲಿವರ್ ಮುನಿಸಿಕೊಂಡಿತ್ತು. ಮಗ ವೆಲಿಮಿರ್ ಅವಳನ್ನು ಬೆಲ್‌ಗ್ರೇಡಿಗೆ ಕರೆದೊಯ್ದ. ಇಬ್ಬರ ಜೀವಕ್ಕೂ ಅಪಾಯ, ಈಗಲೇ ಆಪರೇಷನ್ ಮಾಡಿ ಹೆರಿಗೆ ಮಾಡಿಸುತ್ತೇವೆ ಎಂದರಂತೆ ಅಲ್ಲಿನ ಡಾಕ್ಟರು.

ಬೇಲಿಯಾಚೆಯಿಂದ ಜಿವಾನಾ ಮೆಲ್ಲಗೆ ಹೇಳಿದಳು: "ಗಾಡೀನ ಕೊಟ್ಟಿಗೆಗೆ ಹಾಕಿಬಿಡೇ. ಬರಿಗೈಲಿ ಬಂದ್ರೆ ಕಣ್ಣಿಗೆ ಬೀಳೋದು ಬೇಡ."

ಅವಳದು ಕೆಟ್ಟ ಮನಸ್ಸಲ್ಲ. ನನಗೂ ಅದೇ ಭಯ. ಎರಡು ಹೆಜ್ಜೆ ಎಳೆದೂ ಬಿಟ್ಟೆ. ಆಮೇಲೆ ನನ್ನ ಮೇಲೇ ಸಿಟ್ಟು ಬಂದು, ಇದ್ದಲ್ಲೇ ನಿಲ್ಲಿಸಿ, ಒದ್ದೆ ಬಟ್ಟೆಯಲ್ಲಿ ಚಕ್ರ ಒರೆಸುತ್ತಾ ಕೂತೆ. ಒರೆಸುವಾಗ ಅಳು ಬಂತು.

ಮರುದಿನ ಮಧ್ಯಾಹ್ನ ಫೋನಿನಲ್ಲಿ ಸೆಂಕಾಳೇ ಮಾತಾಡಿದಳು.

"ಹೆಣ್ಣು, ಅತ್ತೆ. ಎರಡು ಕಿಲೋ ಮುನ್ನೂರು. ಗಂಟಲು ಥೇಟ್ ನಿಮ್ದೇ. ನನ್ ಲಿವರೂ ದಾರಿಗೆ ಬರ್ತಿದೆ ಅಂದ್ರು." ಅದೇ ಉಸಿರಿನಲ್ಲಿ ಕೇಳಿದಳು, "ಗಾಡಿ ಎಲ್ಲಿದೆ?"

"ಬಾಗಿಲಲ್ಲೇ. ಸುಳ್ಳು ಯಾಕೆ, ಎರಡ್ ಹೆಜ್ಜೆ ಎಳೆದಿದ್ದೆ. ವಾಪಸ್ ಇಟ್ಟೆ."

ಸೂಜಿ, ಕತ್ತರಿ ಯಾವುದಕ್ಕೂ ಅಳದ ಹುಡುಗಿ ಬಿಕ್ಕಿದಳು.

"ಆ ಸಲ ನಾನು ಸಾಯ್ತೀನಿ ಅಂತ ಎಲ್ಲ ರೆಡಿಯಾಗಿದ್ರು ಅತ್ತೆ. ಈ ಸಲ ಬದುಕಿ ಬರ್ತೀನಿ ಅಂತ ಒಬ್ರಾದ್ರೂ ರೆಡಿಯಾಗಿರ್ಲಿ ಅಂತಲೇ ಅದನ್ನ ತಂದಿದ್ದು."

ನನ್ನ ಎದೆ ಹೆಮ್ಮೆಯಿಂದ ಬಿರಿಯುವಂತಾಯಿತು. ಬೀದಿಗೆ ಬಂದು, ಯಾರೂ ಕೇಳದಿದ್ದರೂ, ಎಲ್ಲರಿಗೂ ಕೇಳುವಂತೆ ಹೇಳಿದೆ: "ನನ್ ಸೊಸೆ ಹೆತ್ತಿದ್ದಾಳೆ. ಇಬ್ರೂ ಮನೆಗೆ ಬರ್ತಾರೆ."