ನನ್ನ ಕೈಗೆ ಸಿಗದ ಬ್ರೇಕು

ಗಂಡನನ್ನು ದಾರಿಗೆ ತರಲು ಒಬ್ಬೊಬ್ಬ ಹೆಂಗಸಿಗೆ ಒಂದೊಂದು ಉಪಾಯ. ಒಬ್ಬಳು ಅಳುತ್ತಾಳೆ, ಇನ್ನೊಬ್ಬಳು ಉಪವಾಸ ಕೂರುತ್ತಾಳೆ. ನಾನು ಹ್ಯಾಂಡ್‌ಬ್ರೇಕ್ ಎಳೆಯುತ್ತಿದ್ದೆ.

ನಗಬೇಡಿ. ನಮ್ಮ ಹಳೆಯ ಕಾರಿನಲ್ಲಿ ಆ ಹಿಡಿ ಎರಡು ಸೀಟುಗಳ ನಡುವೆ ಇತ್ತು. ನಡುವೆ ಇದ್ದ ಮೇಲೆ ಅದು ಅವರದೆಷ್ಟೋ ನನ್ನದೂ ಅಷ್ಟೇ. ನನಗೆ ಕಾರು ಓಡಿಸಲು ಬರುವುದಿಲ್ಲ, ನಿಲ್ಲಿಸಲು ಮಾತ್ರ ಚೆನ್ನಾಗಿ ಬರುತ್ತದೆ.

ಹಾನಗಲ್ಲಿನಲ್ಲಿ ನಮ್ಮದೊಂದು ಪಾತ್ರೆ ಅಂಗಡಿ, ಹಿರೇಕೆರೂರಿನಲ್ಲಿ ಇನ್ನೊಂದು. ಪ್ರತಿ ಸೋಮವಾರ ನಾನೂ ನಮ್ಮ ಯಜಮಾನರು ಮಹಾಂತೇಶ ಅವರೂ ಹಿರೇಕೆರೂರಿಗೆ ಹೋಗುತ್ತೇವೆ. ದಾರಿಯಲ್ಲಿ ತಿಳವಳ್ಳಿ, ನನ್ನ ತವರು. ಮನೆ ರಸ್ತೆಗೆ ಹತ್ತಿಕೊಂಡೇ ಇದೆ. ಸೋಮವಾರ ಬಂತೆಂದರೆ ನಮ್ಮವ್ವ ಮುದಕವ್ವ ಮುಂಜಾನೆಯಿಂದಲೇ ಕಟ್ಟೆಯ ಮೇಲೆ ಕೂತು ದಾರಿ ಕಾಯುತ್ತಾಳೆ.

ಎರಡು ವರ್ಷದ ಹಿಂದೆ ಅದೇ ಮನೆಯ ಅಂಗಳದಲ್ಲಿ ಜಗಳ ಹತ್ತಿತು. ನನ್ನ ತಮ್ಮ ಮೈಲಾರಲಿಂಗನ ಟ್ರ್ಯಾಕ್ಟರಿನ ಟ್ರೇಲರಿಗೂ ನಮ್ಮ ಕಾರಿಗೂ ಡಿಕ್ಕಿಯಾಗಿ ಕಾರಿನ ದೀಪ ಒಡೆಯಿತು. ನೋಡದೆ ಹಿಂದೆ ತೆಗೆದ ಎಂದು ಇವರು. ತಮ್ಮ ಕೇಳಬೇಕಲ್ಲ!

"ಮಾವ, ನಿಮ್ಮ ಹ್ಯಾಂಡ್‌ಬ್ರೇಕ್ ಸಡ್ಲ ಐತ್ರಿ. ನಿಮ್ಮ ಗಾಡೀನ ಉರಳಿ ಬಂದು ನನ್ನ ಟ್ರೇಲರಿಗೆ ಹೊಡೀತು!"

ಗಂಡಸಿಗೆ ಏನು ಬೇಕಾದರೂ ಅನ್ನಿ, ಅವನ ಗಾಡಿಗೆ ಮಾತ್ರ ಅನ್ನಬೇಡಿ. ಯಜಮಾನರು ಟವೆಲ್ ಝಾಡಿಸಿ ಎದ್ದರು. "ಇನ್ನ ಮ್ಯಾಲೆ ನಿನ್ನ ಮನಿ ಮುಂದ ನನ್ನ ಕೈಯಾರೆ ಗಾಡಿ ನಿಂದ್ರಿಸಿದ್ರ ನನ್ನ ಹೆಸರು ಮಹಾಂತೇಶ ಅಲ್ಲ!" ಎಂದು ಊರೆಲ್ಲ ಕೇಳುವಂತೆ ಆಣೆ ಮಾಡಿದರು.

ಅವರ ಕೈಯಾರೆ ತಾನೇ? ನನ್ನ ಕೈಗೆ ಯಾವ ಆಣೆಯೂ ಇರಲಿಲ್ಲ. ಮುಂದಿನ ಸೋಮವಾರ ಅವ್ವನ ಕಟ್ಟೆ ಕಂಡಿದ್ದೇ ಹಿಡಿ ಎಳೆದುಬಿಟ್ಟೆ. ಕಿರ್ರ್ ಎಂದು ಕಾರು ನಿಂತಿತು.

"ಏ, ಹುಚ್ಚಗಿಚ್ಚ ಹಿಡದೈತೇನ ನಿನಗ?"

"ಬರ್ರಿ ಅಳಿಯಂದ್ರ, ಒಳಗ ಬರ್ರಿ," ಎಂದು ಅವ್ವ ಎದ್ದೇ ಬಂದಳು.

"ಏನ್ ಮಾಡೂದ್ರಿ ಅತ್ತಿ, ನಿಮ್ಮ ಮಗಳು ನಿಂದ್ರಿಸಿಬಿಟ್ಳು," ಎನ್ನುತ್ತ ಯಜಮಾನರು ಇಳಿದರು. ತಮ್ಮನ ಕಡೆ ತಿರುಗಿಯೂ ನೋಡದೆ ರೊಟ್ಟಿ, ಬದನೆಕಾಯಿ ಎಣಗಾಯಿ ಹೊಡೆದರು.

ಆಮೇಲೆ ವಾರವಾರವೂ ಇದೇ ಆಟ. ಶೈಲಾ ಗಂಡನ ಮಾತು ಕೇಳುವವಳಲ್ಲ ಎಂದು ಊರಲ್ಲಿ ನನಗೊಂದು ಹೆಸರೂ ಬಂತು. ಬರಲಿ ಬಿಡಿ. ನಾನೊಬ್ಬಳೇ ಬಸ್ಸಿನಲ್ಲಿ ಹೋದರೆ ಅವ್ವನಿಗೆ ಸಮಾಧಾನವಿಲ್ಲ. "ಅಳಿಯಂದ್ರು ಬರಲಿಲ್ಲೇನವ್ವ?" ಎಂದು ಸೆರಗನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾಳೆ. ಅದನ್ನು ನೋಡುವುದಕ್ಕಿಂತ ಕೆಟ್ಟ ಹೆಸರೇ ವಾಸಿ.

ಆದರೆ ಚಹಾದಂಗಡಿಯ ಗೆಳೆಯರು ಬಿಡಬೇಕಲ್ಲ. "ಸ್ಟೇರಿಂಗ್ ನಿಂದು, ಬ್ರೇಕ್ ನಿನ್ನ ಹೆಂಡ್ತಿದು!" ಎಂದು ಕಾಡಿದರು. ಇವರಿಗೆ ಅದು ನಾಟಿತು. ಹಳೆಯ ಕಾರು ಮಾರಿ ಹೊಸದು ತಗೊಳ್ಳಲು ಹೊರಟೇಬಿಟ್ಟರು.

ಶೋರೂಮಿನಲ್ಲಿ ಕಾರು ತೋರಿಸಿದವಳು ಸವಣೂರಿನ ನಿಖತ ಎಂಬ ಚುರುಕು ಹುಡುಗಿ. "ಅಕ್ಕಾರ, ಇದರಾಗ ಹಿಡಿ ಎಳ್ಯೂ ರಗಳೇನ ಇಲ್ರಿ. ಎಲೆಕ್ಟ್ರಾನಿಕ್ ಬ್ರೇಕ್. ಒಂದ ಸ್ವಿಚ್, ಒಂದ ಬೆರಳು, ಮುಗೀತು."

"ಎಲ್ಲೈತಿ ಅದು?"

ಸ್ಟೇರಿಂಗಿನ ಬಲಕ್ಕೆ, ಬಾಗಿಲ ಕಡೆಗಿತ್ತು. ನಾನು ಎಡಗಡೆಯ ಸೀಟಿನಲ್ಲಿ ಕೂತು ಕೈ ಚಾಚಿ ನೋಡಿದೆ. ಯಜಮಾನರ ಹೊಟ್ಟೆ ಅಡ್ಡ ಬಂತು. ಅವರು ಮೀಸೆಯೊಳಗೇ ನಕ್ಕು, "ಇದ ಇರಲಿ, ಪ್ಯಾಕ್ ಮಾಡ್ರಿ," ಎಂದರು, ಕಾರೇನು ಕುಕ್ಕರೋ ಎನ್ನುವ ಹಾಗೆ.

"ಹಂಗಾರ ನಡುವ ಏನೈತಿ?" ಎಂದು ಕೇಳಿದೆ.

"ಚಾ ಕಪ್ ಇಡೂ ಜಾಗಾ ರಿ ಅಕ್ಕಾರ."

ನನ್ನ ಮೈ ಉರಿದುಹೋಯಿತು. ಗಂಡ ಹೆಂಡಿರ ನಡುವೆ ಇದ್ದ ಹಕ್ಕೊಂದನ್ನು ಕಿತ್ತುಹಾಕಿ, ತಗೋ, ಇಲ್ಲಿ ಚಹಾ ಇಡು ಎಂದರೆ ಹೇಗಾಗಬೇಡ!

ಹೊಸ ಕಾರಿನ ಮೊದಲ ಸೋಮವಾರ ತಿಳವಳ್ಳಿ ಬಂತು. ಅವ್ವ ಕಾರು ನೋಡಿ ನಗುತ್ತ ಎದ್ದು ನಿಂತಳು.

"ರೀ, ಅವ್ವ!"

"ಆಣಿ ಮಾಡೇನಿ," ಎಂದರು. ಕಾರು ನಿಲ್ಲಲಿಲ್ಲ. ಕನ್ನಡಿಯಲ್ಲಿ ನೋಡಿದೆ. ಅವ್ವ ಎತ್ತಿದ ಕೈಯನ್ನು ಇಳಿಸದೆ ಹಾಗೇ ನಿಂತಿದ್ದಳು. ಹಿರೇಕೆರೂರು ಮುಟ್ಟುವವರೆಗೂ ಅತ್ತೆ.

ಆ ವಾರವೆಲ್ಲ ನಾನು ಅವರೊಂದಿಗೆ ಮಾತಾಡಲಿಲ್ಲ. ಸಾರಿಗೆ ಉಪ್ಪನ್ನೂ ಬೇಕಂತಲೇ ಹೆಚ್ಚು ಹಾಕಿದೆ. ಅವರು ಅದನ್ನೇ ಎರಡು ಸಲ ಹಾಕಿಸಿಕೊಂಡು ಉಂಡರು. ಈ ಸೋಮವಾರವೂ ನಿಲ್ಲಿಸದಿದ್ದರೆ ಮರುದಿನವೇ ಬಸ್ಸು ಹತ್ತಿ ತವರಿಗೆ ಹೋಗಿ ತಿಂಗಳುಗಟ್ಟಲೆ ಕೂತುಬಿಡುವುದು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಸೋಮವಾರ ಅವ್ವನ ಕಟ್ಟೆ ಎದುರಿಗೆ ಬಂತು. ನಾನು ಮುಖ ತಿರುಗಿಸಿ ಕೂತಿದ್ದೆ. ಗಕ್ಕನೆ ಕಾರು ನಿಂತಿತು!

"ಅಯ್ಯಯ್ಯೋ, ತಾನ ಹಿಡಕೊಂತು!" ಎಂದು ಯಜಮಾನರು ಕೂಗಿದರು. ಸ್ಟೇರಿಂಗಿನ ಹಿಂದೆ ಬ್ರೇಕಿನ ಕೆಂಪು ದೀಪ ಹತ್ತಿತ್ತು.

ನಾನು ಎರಡೂ ಕೈ ಮೇಲೆತ್ತಿದೆ. "ನಾ ಮುಟ್ಟಿಲ್ರೀ, ದೇವರಾಣಿ!"

"ನೀ ಹೆಂಗ ಮುಟ್ಟತಿ? ಇದು ಎಲೆಕ್ಟ್ರಾನಿಕ್. ತಲಿ ಕೆಟ್ಟಿತಂದ್ರ ಇವು ಯಾರ ಮಾತೂ ಕೇಳಂಗಿಲ್ಲ."

ಸದ್ದು ಕೇಳಿ ಮೈಲಾರಲಿಂಗ ಹೊರಗೆ ಬಂದ. ಎರಡು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಆದರೆ ಕೆಟ್ಟು ನಿಂತ ಗಾಡಿ ಕಂಡರೆ ಸುಮ್ಮನಿರುವ ಗಂಡಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

"ಏನಾತ್ರಿ ಮಾವ? ಇದರ ಬ್ರೇಕೂ ಸಡ್ಲೇನು?"

"ಸಡ್ಲ? ದೂಕು ನೋಡೂಣು! ನಿಮ್ಮ ಓಣ್ಯಾಗಿನವ್ರನ್ನೆಲ್ಲಾ ಕರಿ, ಒಂದ ಗೇಣು ಅಲ್ಲಾಡಿಸು!"

ತಮ್ಮ ಪಕ್ಕದ ಮನೆಯವರನ್ನು ಕರೆದು ತಂದು ದೂಕಿದ. ಬೆನ್ನು ಕೊಟ್ಟು ದೂಕಿದ. ಹಳೆಯ ಕಾರಾಗಿದ್ದರೆ ಹಿಡಿ ಇಳಿಸಿ ಮಕ್ಕಳು ದೂಕಿದರೂ ಹೋಗುತ್ತಿತ್ತು. ಇದು ಮಿಸುಕಲಿಲ್ಲ. ಯಜಮಾನರು ಸೊಂಟದ ಮೇಲೆ ಕೈ ಇಟ್ಟು, ಕಾರು ಕೆಟ್ಟಿದ್ದಕ್ಕೆ ಪ್ರಪಂಚದಲ್ಲಿ ಯಾರೂ ಪಡದಷ್ಟು ಸಂತೋಷಪಡುತ್ತ ನಿಂತಿದ್ದರು.

ತಮ್ಮ ಬೆವರು ಒರೆಸಿಕೊಂಡು, "ಖರೇನ ಬಿಗಿ ಐತ್ರಿ ಮಾವ," ಎಂದ. ತಲೆ ಕೆರೆದುಕೊಂಡ. "ಅವತ್ತು... ನಾನ ನೋಡದ ಹಿಂದ ತಗದಿದ್ದೆ ಬಿಡ್ರಿ."

"ಹೂಂ," ಎಂದರು ಇವರು. ಅಷ್ಟೇ. ಇಬ್ಬರೂ ಒಟ್ಟಿಗೇ ಒಳಗೆ ಹೋದರು.

"ಗಾಡಿ ಕೆಟ್ಟಿದ್ದು ಚೊಲೋನ ಆತು," ಎಂದು ಅವ್ವ ತಾಟು ಹಾಕಿದಳು.

ನನಗೆ ಮಾತ್ರ ಚಿಂತೆ, ಹಿರೇಕೆರೂರು ಮುಟ್ಟುವುದು ಹೇಗೆ ಎಂದು. ಹಿತ್ತಲಿಗೆ ಹೋಗಿ ನಿಖತಳಿಗೆ ಫೋನ್ ಹಚ್ಚಿದೆ. ಎಲ್ಲ ಕೇಳಿಸಿಕೊಂಡು ಅವಳು ಕಿಸಕ್ಕನೆ ನಕ್ಕಳು.

"ಅದು ಕೆಟ್ಟಿಲ್ರಿ ಅಕ್ಕಾರ. ಮುಂಜಾನೆ ನಿಮ್ಮ ಸಾಹೇಬ್ರ ಫೋನ್ ಮಾಡಿದ್ರು. 'ಮೆಲ್ಲಕ ಹೊಂಟಾಗ ಆ ಸ್ವಿಚ್ ಎಳದು ಹಿಡದ್ರ, ಗಾಡಿ ತಾನ ನಿಂತಂಗ ಕಾಣ್ತೈತೇನು?' ಅಂತ ಕೇಳಿದ್ರು. ಹೌದ್ರಿ ಅಂದೆ. ಮತ್ತೇನರ ಆತೇನ್ರಿ?"

"ಏನೂ ಆಗಿಲ್ಲವ್ವ," ಎಂದು ಫೋನ್ ಇಟ್ಟು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ.

ಮೊದಲು ಸಿಟ್ಟು ಬಂತು. ಎರಡು ವರ್ಷ ಊರವರ ಬಾಯಿಗೆ ಬಿದ್ದವಳು ನಾನು! ಆಮೇಲೆ ಹಳೆಯ ಕಾರು ನೆನಪಾಯಿತು. ಉಬ್ಬಿಲ್ಲದ, ಗುಂಡಿಯಿಲ್ಲದ ಆ ರಸ್ತೆಯಲ್ಲಿ ಅವ್ವನ ಮನೆ ಹತ್ತಿರ ಬಂದಾಗ ಕಾರು ಎತ್ತಿನ ಬಂಡಿಯಷ್ಟು ನಿಧಾನವಾಗುತ್ತಿತ್ತು. ನಿಧಾನ ಮಾಡುತ್ತಿದ್ದವರು ಯಾರು? ಸದಾ ಹ್ಯಾಂಡ್‌ಬ್ರೇಕಿನ ಮೇಲೇ ಇರುತ್ತಿದ್ದ ಅವರ ಎಡಗೈ ಅಲ್ಲಿ ಬರುತ್ತಲೇ ಸ್ಟೇರಿಂಗಿಗೆ ಹೋಗುತ್ತಿತ್ತು. ನಾನು ಎಳೆಯಲಿ ಎಂದು ದಾರಿ ಬಿಟ್ಟು ಕೊಡುತ್ತಿದ್ದರು, ಕಳ್ಳರು! ನಾನು ಗೆದ್ದೆನೆಂದು ಬೀಗುತ್ತಿದ್ದೆ. ಕೂತಲ್ಲೇ ನಕ್ಕೆ, ನಗುತ್ತಲೇ ಕಣ್ಣೂ ಒರೆಸಿಕೊಂಡೆ.

ಒಳಗೆ ಹೋಗಿ ಅವರ ತಾಟಿಗೆ ಇನ್ನೊಂದು ಎಣಗಾಯಿ ಬಡಿಸಿದೆ.

"ಸಾಕ ಸಾಕು."

"ತಿನ್ರಿ. ನಿಖತಗ ಫೋನ್ ಹಚ್ಚಿದ್ದೆ."

ಬಾಯಿಗೆ ಹೋಗುತ್ತಿದ್ದ ರೊಟ್ಟಿ ಅಲ್ಲೇ ನಿಂತಿತು. "ಏನಂದ್ಲು?"

"ಊಟ ಮುಗದ ಮ್ಯಾಲೆ ತಾನ ಆರಾಮ ಆಕ್ಕೈತಂತ."

ಅವರು ನನ್ನ ಮುಖ ನೋಡಿದರು. ನಾನು ಎಣಗಾಯಿಯ ಪಾತ್ರೆ ನೋಡಿದೆ. ಕಿವಿ ಕೆಂಪಾದವು ಪಾಪ, ತಲೆ ತಗ್ಗಿಸಿ ಉಣ್ಣತೊಡಗಿದರು.

ಊಟವಾಯಿತು, ಕಾರು ಒಂದೇ ಏಟಿಗೆ ಹೊರಟಿತು. ಅವ್ವ ಓಡಿ ಬಂದು ಅವರ ಕಿಟಕಿ ಹಿಡಿದುಕೊಂಡಳು.

"ಮತ್ತ ಯಾವಾಗ ಬರ್ತೀರಿ ಅಳಿಯಂದ್ರ?"

"ನನ್ನ ಕೈಯಾಗ ಏನೈತ್ರಿ ಅತ್ತಿ? ಈ ಬ್ರೇಕಿಂದು ಭರೋಸಾ ಇಲ್ಲ. ಮುಂದಿನ ಸೋಮವಾರಾನೂ ಇಲ್ಲೇ ಹಿಡಕೊಂತೈತಿ ಅನಸ್ತೈತಿ. ಬದನಿಕಾಯಿ ತರಿಸಿ ಇಡ್ರಿ."