ಬೀಜಕ್ಕೆ ಬಿಟ್ಟದ್ದು

ನಮ್ಮ ತೋಟಗಾರರ ಸಂಘಕ್ಕೆ ಎಂಥೆಂಥ ಅಧ್ಯಕ್ಷರೋ ಬಂದು ಹೋದರು. ಆದರೆ ಕ್ಯೂಪರ್ಸ್‌ನಂಥ ಕಡ್ಡಿಯನ್ನು ಗುಡ್ಡ ಮಾಡುವ ಮನುಷ್ಯನನ್ನು ನಾನು ಕಂಡಿಲ್ಲ. ಜರ್ಮನಿಯ ಎಸೆನ್ ಊರಿನ ರೈಲು ಹಳಿ ಪಕ್ಕ, ಬೇಲಿಗೆ ಬೇಲಿ ತಾಗಿದ ನಮ್ಮ ಬಾಡಿಗೆ ತೋಟಗಳಲ್ಲಿ ಮೂರನೇ ಒಂದು ಪಾಲು ತಿನ್ನುವ ಬೆಳೆ ಇರಬೇಕು. ನಿಯಮ ಹಳೆಯದೇ. ಈತ ಬರುವ ತನಕ ಯಾರೂ ಅದನ್ನು ಟೇಪು ಹಿಡಿದು ಅಳೆದಿರಲಿಲ್ಲ.

ನನ್ನ ಪಕ್ಕದ ರೋಸ್ವಿಟಾಳ ತೋಟದಲ್ಲಿ ಒಂದಿಷ್ಟು ಮೂಲಂಗಿ, ಮಿಕ್ಕಿದ್ದೆಲ್ಲ ಡೇಲಿಲಿ. ಹಿಮ ಬೀಳಲಿ, ನೀರು ಹಾಕುವುದು ಮರೆಯಲಿ, ಸಾಯದ ಗಿಡ. ಹೂ ಮಾತ್ರ ಬೆಳಿಗ್ಗೆ ಅರಳಿ ಸಂಜೆಗೆ ಬಾಡುತ್ತದೆ. ಅವುಗಳ ನಡುವೆ ಅವಳೇ ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಸೋಕಿಸಿ, ಬೀಜ ಬಿತ್ತಿ ಎಬ್ಬಿಸಿದ ಗಿಡವೊಂದಿತ್ತು. ಮೂರು ವರ್ಷ ಕಾದ ಮೇಲೆ ಈ ಜುಲೈಯಲ್ಲಿ ಅದಕ್ಕೆ ಒಂದೇ ಒಂದು ಮೊಗ್ಗು ಬಂತು. ಯಾವ ಬಣ್ಣವೋ ಯಾರಿಗೂ ಗೊತ್ತಿಲ್ಲ. ಅದನ್ನು ನೋಡಲೆಂದೇ ಅವಳು ದಿನಾ ಬರುತ್ತಿದ್ದಳು.

ಆ ವಾರವೇ ಕ್ಯೂಪರ್ಸ್ ಬೇಲಿಯಾಚೆ ಬಂದು ನಿಂತ.

"ಶನಿವಾರ ತಪಾಸಣೆ ಇದೆ. ಅಷ್ಟರಲ್ಲಿ ಈ ಹೂವಿನ ಗಿಡ ಎಲ್ಲ ಕಿತ್ತು ಆಲೂಗೆಡ್ಡೆ ಹಾಕಿ. ಇಲ್ಲಾಂದ್ರೆ ತೋಟ ಬಿಟ್ಕೊಡಿ."

"ಎಲ್ಲಾನೂ?"

"ತಿನ್ನೋಕೆ ಬರದೇ ಇರೋದೆಲ್ಲಾನೂ ಕಣಮ್ಮ."

ಅವನು ಅತ್ತ ಹೋದಮೇಲೆ ನನ್ನ ಮೈ ಉರಿಯುತ್ತಿತ್ತು. ಆದರೂ ಬುದ್ಧಿ ಹೇಳಿದೆ: "ಸ್ವಲ್ಪ ತಗ್ಗಿ ನಡಿಯೇ. ಕೈಕಾಲು ಹಿಡಿದಾದ್ರೂ ಒಂದು ವಾರ ಸಮಯ ಕೇಳು."

"ಅವನ ಕಾಲಾ? ನನ್ನ ಸೊಂಟ ಅಷ್ಟು ಬಗ್ಗಲ್ಲ."

ಶನಿವಾರ ಕ್ಯೂಪರ್ಸ್ ಇಬ್ಬರು ಸದಸ್ಯರನ್ನು ಕಟ್ಟಿಕೊಂಡು ಬಂದ. ರೋಸ್ವಿಟಾ ಶೆಡ್ಡಿನ ಮುಂದೆ ಒಲೆ ಹಚ್ಚಿ ಬೆಣ್ಣೆಯಲ್ಲಿ ಡೇಲಿಲಿ ಮೊಗ್ಗು ಹುರಿಯುತ್ತಿದ್ದಳು. ಗಿಡಗಳೆಲ್ಲ ಬೋಳು. ಇಡೀ ಬೇಸಿಗೆಯ ಹೂವನ್ನು ಬೆಳಿಗ್ಗೆ ಕೈಯಾರೆ ಕೊಯ್ದಿದ್ದಳು, ಕೊಯ್ಯುತ್ತಾ ಅತ್ತಿದ್ದಳು. ನನಗೂ ತಡೆಯಲಾಗಿರಲಿಲ್ಲ.

"ಬನ್ನಿ, ನನ್ನ ಬೆಳೆ ತಿನ್ನಿ."

ಸದಸ್ಯರಲ್ಲೊಬ್ಬ ರುಚಿ ನೋಡಿ, "ಎಳೇ ಹುರುಳಿಕಾಯಿ ಥರ ಇದೆ ಕಣ್ರೀ" ಎಂದು ಮತ್ತೆ ತಟ್ಟೆ ಚಾಚಿದ. ಕ್ಯೂಪರ್ಸ್ ತಪ್ಪು ಹುಡುಕಲೆಂದೇ ಒಂದು ಬಾಯಿಗೆ ಹಾಕಿಕೊಂಡ. ಅಗಿದ. ನುಂಗಿದ. ಆಮೇಲೆ ಅವಳು ಬೀಜದಿಂದ ಎಬ್ಬಿಸಿದ ಗಿಡದಲ್ಲಿ ಉಳಿದಿದ್ದ ಒಂಟಿ ಮೊಗ್ಗಿನತ್ತ ಬೆರಳು ಚಾಚಿದ. "ಬೆಳೆ ಅಂದ್ಮೇಲೆ ಅದೊಂದನ್ನ ಯಾಕೆ ಕೊಯ್ದಿಲ್ಲ? ಚಂದ ನೋಡೋಕೆ ತಾನೆ?"

ರೋಸ್ವಿಟಾ ಸೌಟು ಕೆಳಗಿಡಲಿಲ್ಲ. "ನಿಮ್ಮಪ್ಪ ಸೌತೆ ಬೆಳೀತಿದ್ರಲ್ಲ, ಒಂದು ಕಾಯಿ ಬಳ್ಳೀಲೇ ಬಿಡ್ತಿರ್ಲಿಲ್ವಾ? ಇದೂ ಬೀಜಕ್ಕೆ ಬಿಟ್ಟದ್ದು. ಕೈ ಹಾಕಿ ನೋಡಿ."

ಸದಸ್ಯರು ನಕ್ಕರು. ಟೇಪು ಅವನ ಜೇಬು ಸೇರಿತು.

ಮರುದಿನ ಬೆಳಿಗ್ಗೆ ಅದು ಅರಳಿತು. ಹಳೇ ಇಟ್ಟಿಗೆಯ ಬಣ್ಣ, ದಳಗಳ ಅಂಚು ಸೊಟ್ಟ. ಸುಳ್ಳು ನನ್ನ ಬಾಯಿಗೆ ಬರುವುದಿಲ್ಲ. "ಅಂಥಾ ಚಂದ ಏನಿಲ್ಲ ಕಣೇ" ಎಂದುಬಿಟ್ಟೆ.

"ಇಲ್ದಿದ್ರೆ ಬೇಡ," ಎಂದಳು ರೋಸ್ವಿಟಾ, ಕುರ್ಚಿಯನ್ನು ಅದರ ಎದುರಿಗೇ ಎಳೆದುಕೊಂಡು. "ಇದೊಂದನ್ನ ಅವನಿಗೆ ತಿನ್ನೋಕೆ ಕೊಡ್ಲಿಲ್ಲ."

ಸಂಜೆ ಹೂ ಮುದುಡುವ ತನಕ ಅವಳು ಅಲ್ಲಿಂದ ಏಳಲಿಲ್ಲ.